ಗಿರಣಿಯ ಮೋಟರು ತಿರುಗದ ದಿನ

೧೯೭೯ನೇ ಇಸವಿ. ನಾನಾಗ ಬೆಳಗಾವಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ವಿಷಯ ಕಲಿಸುತ್ತಿದ್ದೆ. ಮನೆ ಹಿಂದವಾಡಿಯಲ್ಲಿ. ಪ್ರಯೋಗಶಾಲೆಯಲ್ಲಿ ನಾವೇ ಬೇಕೆಂದು ಒಂದು ಮೋಟರನ್ನು ಕೆಡಿಸಿಟ್ಟು, ಅದಕ್ಕೆ ಏನಾಗಿದೆ ಎಂದು ಹುಡುಗರಿಂದ ಹುಡುಕಿಸುವುದು ನನ್ನ ಕೆಲಸವಾಗಿತ್ತು. ತಂಗಿ ಶಾಂತಾಳನ್ನು ಖಾನಾಪುರಕ್ಕೆ ಕೊಟ್ಟಿದ್ದೆವು. ಅವಳ ಗಂಡ ಶಿವಪ್ಪ ಮನೆಯ ಮುಂಭಾಗದಲ್ಲೇ ಹಿಟ್ಟಿನ ಗಿರಣಿ ಇಟ್ಟಿದ್ದರು.

ಒಂದು ಮಧ್ಯಾಹ್ನ ಪಾಠ ಮಾಡುತ್ತಿದ್ದಾಗ ಜವಾನ ಬಂದು, "ಸರ, ನಿಮ್ಮ ಭಾವಾರನ್ನ ದವಾಖಾನಿಗೆ ತಂದಾರಂತ, ಲಗೂನ ಹೋಗ್ರಿ" ಎಂದ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೋಟರಿನಿಂದ ಗಿರಣಿ ತಿರುಗಿಸುವ ಪಟ್ಟಾ, ಅಂದರೆ ಬೆಲ್ಟು, ಶಿವಪ್ಪನವರ ಬಲಗೈಯನ್ನು ಭುಜದವರೆಗೂ ಎಳೆದುಕೊಂಡಿತ್ತು. ರಕ್ತ ನಿಂತೇ ಇರಲಿಲ್ಲ. ಶಾಂತಾ ದವಾಖಾನೆಯ ಪಡಸಾಲೆಯ ನೆಲದ ಮೇಲೆ ಕೂತಿದ್ದಳು.

ಅವರನ್ನು ಕರೆತಂದಿದ್ದು ಹಂಚು ಸಾಗಿಸುವ ಲಾರಿಯ ಡ್ರೈವರ್. ಗುರುತು ಪರಿಚಯ ಇಲ್ಲದ ಮನುಷ್ಯ. ಹೊರಟುಹೋಗಬಹುದಿತ್ತು, ಆದರೆ ರಕ್ತದ ಅಂಗಿಯಲ್ಲೇ ನಿಂತಿದ್ದ. "ಹಾದ್ಯಾಗ ದೇಸೂರತನಕ ಮಾತಾಡ್ಕೋತ ಇದ್ದರ್ರಿ ಸರ. ಗಿರಣಿ ಬಂದ್ ಮಾಡ್ಯಾರೋ ಇಲ್ಲೋ ಅಂತ ಕೇಳಾಕತ್ತಿದ್ರು. ಆಮ್ಯಾಲ ಸುಮ್ಮನಾದ್ರು" ಎಂದು ನನ್ನ ಕೈ ಹಿಡಿದುಕೊಂಡ. ಅವನ ಹೆಸರು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮಣ್ಣು ಮಾಡಿದ ಮೇಲೆ ಊರಲ್ಲಿ ಒಬ್ಬೊಬ್ಬರು ಒಂದೊಂದು ಮಾತಾಡಿದರು. ಗಿರಣಿಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದರು. ಶಿವಪ್ಪ ಕುಡಿದಿದ್ದ ಎಂದೂ ಅಂದರು. ಹನಿ ಮುಟ್ಟದ ಮನುಷ್ಯ ಅವರು. ಶಾಂತಾಳ ಮಾವ ನನ್ನನ್ನು ಕರೆದು, "ಈ ಮೋಟರ ನನ್ನ ಮಗನ್ನ ತಿಂದೈತ್ರಿ. ಒಯ್ದು ಮಲಪ್ರಭಾದಾಗ ಒಗದ ಬರ್ರಿ" ಎಂದರು.

ಹೊಳೆಗೆ ಎಸೆಯುವ ಮೊದಲು ನಾನು ಅದನ್ನು ಬಿಚ್ಚಿ ನೋಡಿದೆ. ಸುರುಳಿ ಸುಟ್ಟಿರಲಿಲ್ಲ, ಬೇರಿಂಗ್ ಸಲೀಸಾಗಿ ತಿರುಗುತ್ತಿತ್ತು. ಮೋಟರಿನದು ಏನೂ ತಪ್ಪಿರಲಿಲ್ಲ. ಅದನ್ನು ಚಾಲೂ ಮಾಡುವ ಸ್ಟಾರ್ಟರಿನ ಒಳಗೆ ಮೂರು ಸಂಪರ್ಕಗಳಲ್ಲಿ ಒಂದು ಕರಕಲಾಗಿ, ಕೂಡದೆ ಉಳಿದಿತ್ತು. ಮೂರು ಫೇಸಿನ, ಅಂದರೆ ಮೂರು ತಂತಿಯಲ್ಲಿ ಕರೆಂಟು ಬೇಕಾದ ಮೋಟರಿಗೆ ಎರಡರಲ್ಲೇ ಸಿಕ್ಕರೆ ಅದು ತಿರುಗುವುದಿಲ್ಲ, ನಿಂತಲ್ಲೇ ಗುಂಯ್‌ಗುಡುತ್ತದೆ. ಆಗ ಯಾರಾದರೂ ಕೈಯಿಂದ ಒಮ್ಮೆ ತಿರುಗಿಸಿಕೊಟ್ಟರೆ ಸಾಕು, ಒಮ್ಮೆಲೇ ಓಟ ಕೀಳುತ್ತದೆ. ಶಿವಪ್ಪ ಪಟ್ಟಾ ಹಿಡಿದು ಜಗ್ಗಿದ್ದರು.

ಇದನ್ನು ಮಾವನವರಿಗೆ ಬಿಡಿಸಿ ಹೇಳಿದೆ. ಅವರು ಕೇಳಿ, "ಹಂಗಾರ ಅವಂದೇನು ತಪ್ಪಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು.

ಗಿರಣಿ ಮಾರಿಬಿಡೋಣ ಎಂದು ನಾನೇ ಹೇಳಿದ್ದೆ. ಶಾಂತಾ ಒಪ್ಪಲಿಲ್ಲ. "ಮಾರಿ, ನಿನ್ನ ಮನ್ಯಾಗ ಬಂದು ಕುಂದರ್ಲೇನು? ಊರ ಹುಡುಗೂರಿಗೆಲ್ಲ ಕಲಸ್ತಿ, ನನಗ ಕಲಸಾಕ ಏನ ಧಾಡಿ? ಏನ ಕೆಟ್ರ ಹೆಂಗ ಗೊತ್ತಾಗತೈತಿ, ಅಷ್ಟು ಹೇಳು ಅಣ್ಣಾ."

ಮೋಟರನ್ನು ಹೊಳೆಗೆ ಎಸೆಯದೆ ಅದಕ್ಕೆ ಹೊಸ ಸ್ಟಾರ್ಟರ್ ಹಾಕಿಸಿದೆ. ಪಟ್ಟಾಕ್ಕೆ ಕೈ ಸಿಗದಂತೆ ಕಬ್ಬಿಣದ ಜಾಲರಿ ಕೂಡಿಸಿದೆ. ಭಾನುವಾರ ಬಂದಾಗಲೆಲ್ಲ ಪಟ್ಟಾ ಕಳಚಿಟ್ಟು, ಸದ್ದಿನಿಂದಲೇ ಗುರುತಿಸಲೆಂದು ಅವಳನ್ನು ಗೋಡೆ ಕಡೆ ಮುಖ ಮಾಡಿಸಿ ನಿಲ್ಲಿಸಿ, ಮೋಟರನ್ನು ಒಂದೊಂದು ರೀತಿ ಕೆಡಿಸಿ ಚಾಲೂ ಮಾಡುತ್ತಿದ್ದೆ. ಬೋಲ್ಟ್ ಸಡಿಲಿಸಿದರೆ, "ಬುಡ ಅಳ್ಳಾಡಾಕತ್ತೈತಿ" ಎನ್ನುತ್ತಿದ್ದಳು. ಸವೆದ ಬೇರಿಂಗ್ ಹಾಕಿದರೆ, "ಹಲ್ಲು ಕಡದಂಗ ಆಗತೈತಿ" ಎನ್ನುತ್ತಿದ್ದಳು. ಬೇಗ ಕಲಿತಳು.

ಒಂದು ಫೇಸ್ ತಪ್ಪಿದಾಗಿನ ಸದ್ದನ್ನು ಮಾತ್ರ ನಾನು ಮುಂದೂಡುತ್ತಲೇ ಇದ್ದೆ. ಕೊನೆಗೊಂದು ಭಾನುವಾರ ಒಂದು ಫ್ಯೂಸ್ ತೆಗೆದು ಗುಂಡಿ ಒತ್ತಿದೆ. ಮೋಟರು ತಿರುಗಲಿಲ್ಲ, ಗುಂಯ್ ಎಂದಿತು. ಶಾಂತಾಳಿಗೆ ಗೊತ್ತಾಗಲಿಲ್ಲವೇನೋ ಎಂದು ಬಂದ್ ಮಾಡಿದೆ.

"ಇದು ಆ ದಿನ ಕೇಳಿತ್ತು" ಎಂದಳು, ಗೋಡೆ ಕಡೆಗೇ ಮುಖ ಮಾಡಿಕೊಂಡು. "ಹಿತ್ತಲದಾಗ ಅರಿವಿ ಒಗ್ಯಾಕತ್ತಿದ್ದೆ. ಇವತ್ಯಾಕೋ ಗಿರಣಿ ಚಾಲೂ ಆಗವಲ್ದು ಅಂತ ಅನಕೊಂಡೆ. ಅನಕೊಂಡು ಅರಿವಿ ಹಿಂಡಾಕತ್ತೆ."

ಆಮೇಲೆ ಅವಳೇ, "ಮತ್ತೊಮ್ಮಿ ಹಾಕು" ಎಂದಳು. ಹಾಕಿದೆ. ಆ ಸದ್ದು ಕೇಳುತ್ತಲೇ ತಿರುಗಿ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಬಂದ್ ಮಾಡುವ ಕೆಂಪು ಗುಂಡಿಯನ್ನು ತಾನೇ ಒತ್ತಿದಳು. ಕೈ ತೆಗೆಯದೆ ಹಾಗೇ ನಿಂತಿದ್ದಳು.

ಶಾಂತಾ ಆ ಗಿರಣಿಯನ್ನು ವರ್ಷಗಟ್ಟಲೆ ನಡೆಸಿದಳು. ಯಾರಿಗೂ ಒಂದು ಗಾಯವಾಗಲಿಲ್ಲ. ನಾನೂ ನಿವೃತ್ತಿಯಾಗುವವರೆಗೆ ಹುಡುಗರಿಗೆ ಆ ಸದ್ದಿನ ಪಾಠವನ್ನು ಪ್ರತಿ ವರ್ಷ ಮಾಡಿದೆ. ಆದರೆ ಅಂದು ಆ ಸದ್ದು ಎಷ್ಟು ಹೊತ್ತು ಕೇಳಿತ್ತೆಂದು ನಾನು ತಂಗಿಯನ್ನು ಇವತ್ತಿಗೂ ಕೇಳಿಲ್ಲ. ಹಿತ್ತಲಿನಿಂದ ಓಡಿಬಂದು ಆ ಕೆಂಪು ಗುಂಡಿ ಒತ್ತುವಷ್ಟು ಸಮಯವಿತ್ತೇ ಎಂಬುದು ಅವಳಿಗೊಬ್ಬಳಿಗೇ ಗೊತ್ತು. ಆ ಲೆಕ್ಕ ಹಾಕಿಕೊಳ್ಳುವಂತೆ ಆ ಸದ್ದಿನ ಅರ್ಥವನ್ನು ಅವಳಿಗೆ ಕಲಿಸಿದವನು ನಾನು.