ಇಲ್ಲದ ಜ್ವರಕ್ಕೆ ಐದು ಪೌಂಡು ಬ್ರೆಡ್

ಕಳೆದ ಗುರುವಾರ ಸಂಜೆ ಪಕ್ಕದ ಮನೆಯ ಲೀಲಕ್ಕ ನಾಲ್ಕು ಮುಸುಂಬಿ ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಜಗಲಿ ಹತ್ತಿದರು. ನನ್ನ ಮುಖವನ್ನು ಮರುಕದಿಂದ ನೋಡಿದರು. ಮತ್ತೆ ಮೆಲ್ಲಗೆ ಕೇಳಿದರು: "ಈಗ ಹೇಗುಂಟು?"

ಯಾರಿಗೆ, ಏನು ಎಂದು ತಿರುಗಿ ಕೇಳುವ ಹಾಗಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೋ ಸೌಖ್ಯವಿಲ್ಲ ಎಂಬ ಸುಳ್ಳನ್ನು ಊರಿಗೆ ಬಿಟ್ಟವನೇ ನಾನು. "ಪರವಾಗಿಲ್ಲ ಲೀಲಕ್ಕ, ಸ್ವಲ್ಪ ಕಡಿಮೆ ಉಂಟು" ಎಂದೆ. ಮುಸುಂಬಿಯನ್ನೂ ತೆಗೆದುಕೊಂಡೆ. (ಬೇಡ ಎಂದರೆ ರೋಗ ಜೋರಾಗಿದೆ ಎಂದು ತಿಳಿಯುತ್ತಿದ್ದರು.)

ಸುಳ್ಳು ಯಾಕೆ ಹೇಳಿದೆ? ಪುಡ್ಡಿಂಗಿಗಾಗಿ. ನಗಬೇಡಿ. ಬ್ರೆಡ್ ಪುಡ್ಡಿಂಗಿಗಾಗಿಯೇ.

ನನ್ನ ತಂಗಿ ವಾರಿಜ ನಿಮಗೆ ಅಪರಿಚಿತಳಲ್ಲ. (ಈ ಅಂಕಣದಲ್ಲಿ ಅವಳ ಹೆಸರು ಬಂದ ವಾರ ನನಗೆ ಮನೆಯಲ್ಲಿ ಚಹಾ ತಡವಾಗುತ್ತದೆ.) ಬಂಟ್ವಾಳದ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರು. ದಿನಾ ಬೆಳಿಗ್ಗೆ ನಮ್ಮೂರು ಸಿದ್ಧಕಟ್ಟೆಯಿಂದ ಬಸ್ಸು ಹತ್ತಿ ಹೋಗಿ ಸಂಜೆ ಬರುತ್ತಾಳೆ. ವಯಸ್ಸು ಇಪ್ಪತ್ತೊಂಬತ್ತು. ಅಮ್ಮ ಹೋದ ಮೇಲೆ ಅವಳ ಮದುವೆಯ ಚಿಂತೆ ನನ್ನ ತಲೆಗೆ ಬಂತು. ಈವರೆಗೆ ಎರಡು ಕಡೆಯವರು ಬಂದು ನೋಡಿ ಹೋಗಿದ್ದಾರೆ. ಮೊದಲನೆಯವರಿಗೆ ವಯಸ್ಸು ಜಾಸ್ತಿ ಅನ್ನಿಸಿತು. ಎರಡನೆಯವರು ಒಪ್ಪಿದ್ದರು, ನಡುವೆ ಯಾರೋ ಕಲ್ಲು ಹಾಕಿದರು. ಹುಡುಗಿಗೆ ಕೋಪ ಜಾಸ್ತಿ ಎಂದರಂತೆ. ಮಕ್ಕಳಿಗೆ ಮಗ್ಗಿ ಕಲಿಸುವವರಿಗೆ ಸ್ವಲ್ಪ ಕೋಪ ಬೇಡವೇ?

ಈ ಸಲ ಅಳದಂಗಡಿಯ ಕಡೆಯ ಸಂಬಂಧ. ಹುಡುಗ ಸಹಕಾರಿ ಸಂಘದಲ್ಲಿ ಗುಮಾಸ್ತ. ಫೋಟೋವನ್ನು ವಾರಿಜ ನೋಡಿದಳು. ವಾಪಸು ಲಕೋಟೆಗೆ ಹಾಕದೆ ತನ್ನ ಪುಸ್ತಕದಲ್ಲಿಟ್ಟಳು. ನನಗೂ ನನ್ನ ಹೆಂಡತಿ ಸರೋಜಿನಿಗೂ ಅಷ್ಟು ಸಾಕಾಯಿತು. ಭಾನುವಾರ ಹುಡುಗಿ ನೋಡಲು ಬನ್ನಿ ಎಂದು ಕಾಗದ ಹಾಕಿದೆ. ಈ ಸಲ ಊರಿಗೆ ಗೊತ್ತಾಗಬಾರದು ಎಂದು ಮೂವರೂ ಸೇರಿ ನಿಶ್ಚಯಿಸಿದೆವು. ಕಲ್ಲು ಹಾಕುವವನಿಗೆ ಸುದ್ದಿಯೇ ಸಿಗದಿದ್ದರೆ ಎಲ್ಲಿ ಹಾಕುತ್ತಾನೆ? ನಾನು ಪೋಸ್ಟ್ ಮಾಸ್ಟರ್. ಊರಿನ ಎಲ್ಲರ ಕಾಗದ ನನ್ನ ಕೈ ದಾಟಿಯೇ ಹೋಗುವುದು. ಒಬ್ಬರ ಗುಟ್ಟನ್ನೂ ಹೊರಗೆ ಬಿಟ್ಟವನಲ್ಲ. ನನ್ನದೇ ಮನೆಯ ಗುಟ್ಟು ಉಳಿಸಿಕೊಳ್ಳುವುದು ಏನು ಮಹಾ ಎಂದುಕೊಂಡಿದ್ದೆ.

ತಿಂಡಿಯ ಪ್ರಶ್ನೆ ಬಂತು. ಇಂಥ ದಿನ ನಮ್ಮಲ್ಲಿ ಶೀರಾ, ಸಜ್ಜಿಗೆ. ಸರೋಜಿನಿ ತಲೆಯಾಡಿಸಿದಳು. "ಎರಡು ಸಲ ಶೀರಾ ತಿಂದು ಎದ್ದು ಹೋದ್ರಲ್ಲ. ಈ ಸಲ ಬೇರೆ ಎಂತಾದ್ರೂ ಮಾಡುವ. ಪುಡ್ಡಿಂಗ್ ಮಾಡ್ತೇನೆ. ಮೀನು ತಿನ್ನುವ ಜನ, ಮೊಟ್ಟೆಗೆ ಎಂತ ತೊಂದರೆಯೂ ಇಲ್ಲ."

ಅವಳ ತವರು ಮೂಡಬಿದಿರೆ. ಚಿಕ್ಕಂದಿನಲ್ಲಿ ನೆರೆಮನೆಯ ಲಿಲ್ಲಿ ಬಾಯಮ್ಮ ಕ್ರಿಸ್ಮಸ್ಸಿಗೆ ಮಾಡುತ್ತಿದ್ದ ಪುಡ್ಡಿಂಗಿನ ರುಚಿ ಅವಳ ನಾಲಿಗೆಯಲ್ಲಿ ಇನ್ನೂ ಇದೆ. ತೊಂದರೆ ಏನೆಂದರೆ ರುಚಿ ನೆನಪಿತ್ತು, ಮಾಡುವ ಕ್ರಮ ಅರ್ಧಂಬರ್ಧ ನೆನಪಿತ್ತು. ಮಂಗಳವಾರದಿಂದಲೇ ಅಭ್ಯಾಸ ಶುರುಮಾಡಬೇಕೆಂದಳು. ನಾನು ಬ್ರೆಡ್ ತರಲು ಹಸನಬ್ಬ ಬ್ಯಾರಿಗಳ ಅಂಗಡಿಗೆ ಹೋದೆ. (ಬ್ಯಾರಿಗಳೆಂದರೆ ನಮ್ಮ ಕರಾವಳಿಯ ಮುಸ್ಲಿಮರು.)

ಪಟ್ಟಣದ ಓದುಗರಿಗೆ ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನೀವು ಬೆಳಿಗ್ಗೆ ಎದ್ದು ಆರೋಗ್ಯವಾಗಿಯೇ ಬ್ರೆಡ್ ತಿನ್ನುತ್ತೀರಂತೆ. ನಮ್ಮಲ್ಲಿ ಹಾಗಲ್ಲ. ನಮ್ಮಲ್ಲಿ ಬ್ರೆಡ್ ಎಂದರೆ ಪಥ್ಯ. ಹಸನಬ್ಬರ ಅಂಗಡಿಯ ಗಾಜಿನ ಕಪಾಟಿನಲ್ಲಿ ಬ್ರೆಡ್, ಬಾರ್ಲಿ, ಗ್ಲೂಕೋಸ್ ಡಬ್ಬಿ, ಜ್ವರದ ಮಾತ್ರೆ ಎಲ್ಲವೂ ಒಂದೇ ಹಲಗೆಯ ಮೇಲೆ ಕೂತಿರುತ್ತವೆ. ಬೆಳಗಿನ ಬಸ್ಸಿನಲ್ಲಿ ಬರುವುದೇ ನಾಲ್ಕೈದು ಪೌಂಡು. ಯಾರು ಒಯ್ದರು ಎಂದರೆ ಯಾರ ಮನೆಯಲ್ಲಿ ಮಲಗಿದ್ದಾರೆ ಎಂದೇ ಅರ್ಥ. ಊರಿನಲ್ಲಿ ಯಾರಿಗೆ ಜ್ವರ ಬಂತು, ಯಾರಿಗೆ ಬಿಟ್ಟಿತು ಎಂಬುದು ಡಾಕ್ಟರಿಗಿಂತ ಮೊದಲು ಹಸನಬ್ಬರಿಗೆ ಗೊತ್ತಾಗುತ್ತದೆ.

"ಎಂತ ಮಾಷ್ಟ್ರೇ, ಬ್ರೆಡ್? ಯಾರಿಗೆ ಸೌಖ್ಯ ಇಲ್ಲ?" ಎಂದು ಕೇಳಿದರು. (ಕೇಳಿದ್ದು ತುಳುವಿನಲ್ಲಿ. ಇಲ್ಲಿಯ ಮಾತುಕತೆ ಎಲ್ಲ ಹಾಗೆಯೇ, ಬರೆಯುವಾಗ ಕನ್ನಡ ಮಾಡುತ್ತಿದ್ದೇನೆ.)

ಪುಡ್ಡಿಂಗಿಗೆ ಎನ್ನಬಹುದಿತ್ತು. ಪುಡ್ಡಿಂಗ್ ಯಾಕೆ ಎಂದು ಕೇಳುತ್ತಾರೆ. ನೆಂಟರು ಎಂದರೆ ಯಾವ ನೆಂಟರು ಎನ್ನುತ್ತಾರೆ. ಅಷ್ಟರಲ್ಲಿ ಅಂಗಡಿಯ ಬೆಂಚಿನ ಮೇಲಿದ್ದ ಮೂರು ಜನವೂ ನನ್ನ ಕಡೆ ಕಿವಿ ಕೊಟ್ಟಿದ್ದರು. "ಹೌದು, ಮನೆಯಲ್ಲಿ ಸ್ವಲ್ಪ ಸೌಖ್ಯ ಇಲ್ಲ" ಎಂದುಬಿಟ್ಟೆ. ಹಸನಬ್ಬರ ಮುಖ ಬಾಡಿತು. ಇದ್ದುದರಲ್ಲಿ ಮೆತ್ತಗಿನ ಪೌಂಡನ್ನು ಒತ್ತಿ ನೋಡಿ ಆರಿಸಿ ಕೊಟ್ಟರು.

ಮಂಗಳವಾರದ ಪುಡ್ಡಿಂಗ್ ಕಹಿಯಾಯಿತು. ಪಾತ್ರೆಯ ತಳದಲ್ಲಿ ಸಕ್ಕರೆ ಕರಗಿಸಿ ಜೇನಿನ ಬಣ್ಣ ಬಂದ ಕೂಡಲೇ ಇಳಿಸಬೇಕು. ನಮ್ಮದು ಕಾಫಿಯ ಬಣ್ಣ ದಾಟಿ ಮಸಿಯ ಬಣ್ಣಕ್ಕೆ ಹೋಗಿತ್ತು. ಬುಧವಾರ ಸಕ್ಕರೆ ಸರಿಯಾಯಿತು, ಕುದಿಯುವ ಹಾಲಿಗೆ ಮೊಟ್ಟೆ ಹಾಕಿದ್ದರಿಂದ ಸಿಹಿಯಾದ ಮೊಟ್ಟೆ ಪಲ್ಯ ತಯಾರಾಯಿತು. ಸರೋಜಿನಿ ಬಾಯಮ್ಮನಿಗೆ ಹಿಂದಿನ ದಿನವೇ ಕಾರ್ಡು ಬರೆದಿದ್ದಳು. ಗುರುವಾರ ಮರುಟಪ್ಪಾಲಿಗೇ ಉತ್ತರ ಬಂತು: "ಹಾಲು ತಣಿಯಲಿ ಮಗಾ, ಗಡಿಬಿಡಿ ಮಾಡಬೇಡ. ಬ್ರೆಡ್ಡಿನ ಅಂಚು ತೆಗೆ. ಮುಚ್ಚಳದ ನೀರು ಒಳಗೆ ಬೀಳದ ಹಾಗೆ ಮೇಲೆ ಬಾಳೆಲೆ ಕಟ್ಟು." (ಮನೆಯ ಕಾರ್ಡು ಓದಲು ಪೋಸ್ಟ್ ಮಾಸ್ಟರಿಗೆ ಅಡ್ಡಿಯಿಲ್ಲ.)

ಗುರುವಾರದ್ದು ಗಟ್ಟಿಯಾಯಿತು, ತಟ್ಟೆಗೆ ಮಗುಚುವಾಗ ಎರಡು ತುಂಡಾಯಿತು. ಶುಕ್ರವಾರದ್ದು ಒಂದು ಮೂಲೆ ಬಿಟ್ಟರೆ ಸರಿಯಿತ್ತು. ಸೋತ ಪುಡ್ಡಿಂಗುಗಳನ್ನೆಲ್ಲ ತಿಂದು ಮುಗಿಸುವ ಕೆಲಸ ನನ್ನದು. ಪ್ರತಿದಿನ ನಾನು ಒಂದು ಪೌಂಡು ಬ್ರೆಡ್ ತರುತ್ತಿದ್ದೆ, ಪ್ರತಿದಿನ ಹಸನಬ್ಬರು ಕೇಳುತ್ತಿದ್ದರು, ಪ್ರತಿದಿನ ನಾನು "ಹಾಗೇ ಉಂಟು" ಎನ್ನುತ್ತಿದ್ದೆ.

ಇನ್ನೊಂದು ಸಂಗತಿ ನನ್ನ ತಲೆಗೆ ಹೊಳೆಯಲೇ ಇಲ್ಲ. ಬಸ್ಸಿನ ಬಿಸಿಲು, ಧೂಳಿಗೆ ಮುಖ ಕಪ್ಪಾಗುತ್ತದೆ, ನಾಲ್ಕು ದಿನ ರಜೆ ಹಾಕು ಎಂದು ಸರೋಜಿನಿ ಹೇಳಿ, ವಾರಿಜ ಬುಧವಾರದಿಂದ ಮನೆಯಲ್ಲೇ ಇದ್ದಳು. ಅವಳು ಬಸ್ಸು ಹತ್ತುವ ಸ್ಟಾಪು ಹಸನಬ್ಬರ ಅಂಗಡಿಯ ಎದುರಿಗೇ ಇದೆ. ಟೀಚರು ಕಾಣುತ್ತಿಲ್ಲ. ದಿನಕ್ಕೊಂದು ಪೌಂಡು ಬ್ರೆಡ್ ಹೋಗುತ್ತಿದೆ. ಅವರೇನು, ನಾನೇ ಆ ಅಂಗಡಿಯಲ್ಲಿ ಕೂತಿದ್ದರೆ ಏನೆಂದು ತಿಳಿಯುತ್ತಿದ್ದೆ?

ಭಾನುವಾರ ಬೆಳಿಗ್ಗೆ, ಶನಿವಾರ ತಂದಿಟ್ಟ ಬ್ರೆಡ್ಡಿನ ಐದನೆಯ ಪುಡ್ಡಿಂಗ್ ತಟ್ಟೆಗೆ ಇಳಿಯಿತು. ಒಂದೂ ಬಿರುಕಿಲ್ಲ. ಮೇಲಿನಿಂದ ಸಕ್ಕರೆ ಪಾಕ ನಿಧಾನವಾಗಿ ಸುತ್ತಲೂ ಹರಿಯಿತು. ಸರೋಜಿನಿ ನನ್ನ ಕೈ ಹಿಡಿದು ನಿಂತಳು. ವಾರಿಜ ಹಸಿರು ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದಳು. ಹತ್ತೂವರೆಯ ಬಸ್ಸು ಬಂದ ಶಬ್ದ ಕೇಳಿತು. ಹನ್ನೊಂದಾಯಿತು. ಇನ್ನೊಂದು ಬಸ್ಸು ಬಂತು, ಹೋಯಿತು. ಹನ್ನೆರಡೂವರೆಗೆ ವಾರಿಜ ಕನ್ನಡಿಯ ಎದುರು ನಿಂತು ಮಲ್ಲಿಗೆ ತೆಗೆಯಲೋ ಬೇಡವೋ ಎಂದು ಕೈ ಎತ್ತಿ ಇಳಿಸಿದ್ದನ್ನು ನಾನು ನೋಡಿದೆ. ಆ ಗಳಿಗೆಯಲ್ಲಿ ನನಗಾದ ಸಂಕಟವನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಒಂದು ಗಂಟೆಗೆ ಅಂಗಡಿಗೆ ಬಾಗಿಲು ಹಾಕಿ ಹಸನಬ್ಬರು ಬಂದರು. ಕೈಯಲ್ಲಿ ಗ್ಲೂಕೋಸ್ ಡಬ್ಬಿ. ಸೌಖ್ಯವಿಲ್ಲದ ಟೀಚರನ್ನು ನೋಡಿ ಹೋಗಲು ಬಂದದ್ದು. ಬಾಗಿಲಲ್ಲಿ ವಾರಿಜ ರೇಷ್ಮೆ ಸೀರೆಯಲ್ಲಿ ನಿಂತಿದ್ದಳು. ಅವರು ಅವಳನ್ನು ನೋಡಿದರು, ಮೇಜಿನ ಮೇಲಿನ ಪುಡ್ಡಿಂಗ್ ನೋಡಿದರು, ನನ್ನನ್ನು ನೋಡಿದರು.

"ಮಾಷ್ಟ್ರೇ," ಎಂದರು, "ಬೆಳಿಗ್ಗೆ ಅಳದಂಗಡಿಯವರು ಅಂತ ನಾಲ್ಕು ಜನ ಬಂದು ಸೋಡಾ ಕುಡಿದ್ರು. ನಿಮ್ಮ ಮನೆಯ ಬಗ್ಗೆ ಕೇಳಿದ್ರು. ಅವರು ಯಾರು?"

ನಾನು ಹೇಳಿದೆ.

ಹಸನಬ್ಬರು ಜಗಲಿಯ ಮೆಟ್ಟಿಲ ಮೇಲೆ ಕೂತರು. "ಒಳ್ಳೇ ಜನ ಅಂತ ಹೇಳಿದೆ ಮಾರಾಯ್ರೆ. ಚಿನ್ನದಂಥ ಹುಡುಗಿ ಅಂತ ಹೇಳಿದೆ. ಪಾಪ, ವಾರದಿಂದ ಮಲಗಿದಲ್ಲೇ ಉಂಟು, ಬ್ರೆಡ್ ಒಂದು ಬಿಟ್ಟು ಎಂತದೂ ಸೇರುವುದಿಲ್ಲ ಅಂತ ಕೂಡ ಹೇಳಿದೆ. ಅವರು ಮುಖ ಮುಖ ನೋಡಿದ್ರು. ಬಂದ ಹಾಗೇ ವಾಪಸು ಹೋದ್ರು."

ಸಂಬಂಧ ಕೇಳುವವರು ಮೊದಲು ಅಂಗಡಿಯಲ್ಲಿ ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ಇದು ನನಗೆ ಗೊತ್ತಿಲ್ಲದ್ದಲ್ಲ. ಊರಿಗೆಲ್ಲ ಗುಟ್ಟು ಮಾಡಿದ ನಾನು ಹಸನಬ್ಬರೊಬ್ಬರಿಗೆ ನಿಜ ಹೇಳಬೇಕಿತ್ತು. ಆದರೂ ಆ ಹೊತ್ತಿಗೆ ನನ್ನ ಸಿಟ್ಟೆಲ್ಲ ಅವರ ಮೇಲೆಯೇ ಹೋಯಿತು. "ಬಾಯಿ ಮುಚ್ಚಿ ಕೂರ್ಲಿಕ್ಕೆ ಆಗ್ಲಿಲ್ವಾ?" ಎಂದು ಕೂಗಿದೆ.

"ಅಣ್ಣ," ಎಂದಳು ವಾರಿಜ. "ಅವರು ಹೇಳಿದ್ದು ನೀನು ಹೇಳಿಕೊಟ್ಟದ್ದನ್ನೇ."

ಹಸನಬ್ಬರು ಎದ್ದರು. "ಮೂರು ಗಂಟೆಗೆ ಬಸ್ಸುಂಟು. ನಾನೇ ಹೋಗ್ತೇನೆ. ಹಾಳು ಮಾಡಿದ್ದು ನಾನು, ಸರಿ ಮಾಡುವುದೂ ನಾನೇ. ಅದನ್ನು ಒಂದು ಡಬ್ಬಿಯಲ್ಲಿ ಹಾಕಿ ಕೊಡಿ ಅಮ್ಮ." ಸರೋಜಿನಿ ಅರ್ಧ ಪುಡ್ಡಿಂಗನ್ನು ಟಿಫಿನ್ ಡಬ್ಬಿಗೆ ತುಂಬಿದಳು. ಎರಡು ಬಸ್ಸು ಬದಲಾಯಿಸಿ, ಗುರುತಿಲ್ಲದ ಮನೆಗೆ, ಇನ್ನೊಬ್ಬರ ಹುಡುಗಿಯ ಆರೋಗ್ಯಕ್ಕೆ ಸಾಕ್ಷಿ ಹೇಳಲು, ಕೈಯಲ್ಲಿ ಪುಡ್ಡಿಂಗ್ ಹಿಡಿದುಕೊಂಡು ಹಸನಬ್ಬರು ಹೋದರು. ಅವರನ್ನು ಬೈದ ಬಾಯಿಗೆ ನಾನು ಏನು ಹೇಳಲಿ?

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದರು. ದಾರಿಯಲ್ಲಿ ನೆಂಟರ ಮನೆಯಲ್ಲಿ ಉಳಿದಿದ್ದರಂತೆ. ವಾರಿಜ ಶಾಲೆಗೆ ಹೊರಟು ನಿಂತಿದ್ದಳು. ಹಸನಬ್ಬರ ಮುಖದಲ್ಲಿ ಹಬ್ಬದ ಕಳೆ.

"ಆಯ್ತು ಮಾಷ್ಟ್ರೇ. ಎಲ್ಲ ಬಿಡಿಸಿ ಹೇಳಿದೆ. ಹುಡುಗನ ತಾಯಿ ಪುಡ್ಡಿಂಗ್ ತಿಂದು ಭಾರೀ ಲಾಯ್ಕಾಗಿದೆ ಅಂದ್ರು. ಬರುವ ಆದಿತ್ಯವಾರ ಬರ್ತಾರೆ. ಹುಡುಗ ಕೂಡ ಒಳ್ಳೆಯವ, ನನ್ನನ್ನು ಬಸ್ಸಿನವರೆಗೆ ಬಿಡ್ಲಿಕ್ಕೆ ಬಂದ."

ಸರೋಜಿನಿ ಕಣ್ಣೊರೆಸಿಕೊಂಡಳು. ನನಗೆ ಹಸನಬ್ಬರ ಕಾಲು ಹಿಡಿಯಬೇಕೆನ್ನಿಸಿತು. ವಾರಿಜ ಮಾತ್ರ ಚಪ್ಪಲಿ ಹಾಕುತ್ತಿದ್ದವಳು ನಿಂತು ಕೇಳಿದಳು:

"ಒಂದು ಮಾತು ಬ್ಯಾರಿಗಳೇ. ನಿನ್ನೆ ಬೆಳಿಗ್ಗೆ ನೀವು ಟೀಚರಿಗೆ ಸೌಖ್ಯ ಇಲ್ಲ ಅಂದಾಗ, ಎಂತ ಆದದ್ದು, ಈಗ ಹೇಗುಂಟು ಅಂತ ಅವರಲ್ಲಿ ಯಾರಾದ್ರೂ ಕೇಳಿದ್ರಾ?"

ಹಸನಬ್ಬರು ನನ್ನ ಮುಖ ನೋಡಿದರು. ನಾನೇನಾದರೂ ಒಂದು ಸುಳ್ಳು ಕೊಡುತ್ತೇನೋ ಎಂದು ಕಾದಿರಬೇಕು. (ನನಗೆ ಅಭ್ಯಾಸ ಇದೆಯಲ್ಲ.)

"ಇಲ್ಲ," ಎಂದರು.

"ಮತ್ತೆ ಎಂತ ಕೇಳಿದ್ರು?"

"ವಾಪಸು ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದ್ರು."

ವಾರಿಜ ಚೀಲವನ್ನು ಹೆಗಲಿಗೆ ಹಾಕಿದಳು. "ಆಗ್ಲಿಕ್ಕಿಲ್ಲ ಅಣ್ಣ. ಬರುವುದು ಬೇಡ ಅಂತ ಬರೆದು ಹಾಕು."

ನಾನು ಬಹಳ ಹೇಳಿದೆ. ಅವರ ಹೆದರಿಕೆ ಸಹಜ ಎಂದೆ. ರೋಗದ ಮನೆ ಎಂದರೆ ಯಾರು ಹಿಂಜರಿಯುವುದಿಲ್ಲ? ನಮ್ಮ ಮನೆಗೆ ಹೆಣ್ಣು ತರುವಾಗ ನಾವೂ ವಿಚಾರಿಸುತ್ತಿರಲಿಲ್ಲವೇ? ಇದು ಮೂರನೆಯ ಸಂಬಂಧ, ನಾಲ್ಕನೆಯದು ಬರುತ್ತದೆ ಎಂದು ಯಾರು ಕಂಡವರು? ಈ ಮಾತನ್ನೂ ಆಡಿದೆ, ಆಡಬಾರದಿತ್ತು.

"ನಾನು ಅವರನ್ನು ಬೈತಾ ಇಲ್ಲ," ಎಂದಳು. ದನಿ ಗಟ್ಟಿಯಿತ್ತು. "ಹೆದರಿದ್ರು, ಹೋದ್ರು. ಹೆದರಿಕೆ ಲೀಲಕ್ಕನಿಗೂ ಇದ್ದಿರಬಹುದು, ಆದ್ರೂ ಮುಸುಂಬಿ ತಂದ್ರು. ಬ್ಯಾರಿಗಳು ಅಂಗಡಿ ಮುಚ್ಚಿ ಬಂದ್ರು. ಮದುವೆಯಾದ ಮೇಲೆ ನನಗೆ ಒಂದು ದಿನವೂ ಜ್ವರ ಬರ್ಲಿಕ್ಕಿಲ್ಲ ಅಂತ ನೀನು ಬರೆದು ಕೊಡ್ತೀಯಾ?"

ಬಸ್ಸಿನ ಹಾರ್ನ್ ಕೇಳಿತು. ಅವಳು ಮೆಟ್ಟಿಲಿಳಿದು ಹೋದಳು. ಸರೋಜಿನಿ "ಅವಳು ಹೇಳಿದ್ದು ಸರಿ ಉಂಟು" ಎಂದು ಒಳಗೆ ನಡೆದಳು. ಹಸನಬ್ಬರು ಖಾಲಿ ಡಬ್ಬಿಯನ್ನು ಜಗಲಿಯ ಮೇಲಿಟ್ಟು ಅಂಗಡಿ ತೆರೆಯಲು ಹೊರಟರು. ನನಗೆ ಅಳುವೂ ಬಂತು, ಆ ಹುಡುಗಿಯ ಅಣ್ಣ ಎಂದು ಹೆಮ್ಮೆಯೂ ಆಯಿತು. ಯಾವುದು ಹೆಚ್ಚು ಎಂದು ಈಗಲೂ ಹೇಳಲಾರೆ.

ಅಳದಂಗಡಿಗೆ ಬರೆಯಬೇಕಾದ ಕಾರ್ಡು ಮೂರು ದಿನದಿಂದ ನನ್ನ ಮೇಜಿನ ಮೇಲೆ ಹಾಗೇ ಇದೆ. ಕಾರಣ ಏನೆಂದು ಬರೆಯಲಿ? ಊರಿನವರಿಗೆಲ್ಲ ಕಾಗದ ಬರೆದುಕೊಟ್ಟ ಕೈ ಇದು, ಆದರೂ ಓಡುತ್ತಿಲ್ಲ. ಇವತ್ತು ಸಂಜೆ ಒಂದೇ ಸಾಲು ಹೊಳೆದಿದೆ, ನೀವೇ ಓದಿ ಹೇಳಿ: "ನಮ್ಮ ಹುಡುಗಿ ಪೂರ್ಣ ಆರೋಗ್ಯದಿಂದಿದ್ದಾಳೆ, ಆದ್ದರಿಂದ ಈ ಸಂಬಂಧ ಬೇಡವಂತೆ" ಎಂದರೆ ಸಾಲದೇ?