ಗಿರಣಿಯ ಮೇಲಿನ ಬ್ಯಾಂಡು

ಮಲ್ಲೇಶ್ವರದಿಂದ ಚಾಮರಾಜಪೇಟೆಗೆ ಆರೇಳು ಕಿಲೋಮೀಟರು. ಅಷ್ಟಕ್ಕೇ ಕೊಡೆ, ನೀರಿನ ಬಾಟಲಿ, ತಲೆನೋವಿನ ಮಾತ್ರೆ, ಕಿವಿಗೆ ಹತ್ತಿ ಎಲ್ಲ ತುಂಬಿಕೊಂಡು ಹೊರಟೆ. ಭಾನುವಾರ ನಮ್ಮ ಸಂಗೀತ ಸಭೆಯ ವೇದಿಕೆಯಲ್ಲಿ ತಂಗಿಯ ಮಗಳು ಮೇಘನಾಳ ರಾಕ್ ಬ್ಯಾಂಡು ನುಡಿಸಬೇಕಿತ್ತು. ಸಭಾಂಗಣ ಕೊಡಿಸಿದವನು ಸಹಕಾರ್ಯದರ್ಶಿಯಾದ ನಾನೇ. "ಒಂದ್ಸಲ ಕೇಳ್ಕೊಂಡ್ ಬನ್ನಿ, ನೀವು ಬೇಡ ಅಂದ್ರೆ ಬೇಡ" ಎಂದು ಅಧ್ಯಕ್ಷರು ಹೊಣೆಯನ್ನು ನನ್ನ ತಲೆಗೇ ಕಟ್ಟಿದ್ದರು.

ಎಂಟನೇ ಕ್ರಾಸಿನಲ್ಲಿ ಬಸ್ಸು ಹತ್ತಿದೆ. ಮಾರ್ಕೆಟ್ಟಿಗೆ ಐದು ರೂಪಾಯಿ. ಅಲ್ಲಿಂದ ಬಿಸಿಲಲ್ಲಿ ನಡಿಗೆ. ಕೊಡೆ ಬಿಚ್ಚಲು ನಾಚಿಕೆಯಾಯಿತು.

ಬ್ಯಾಂಡಿನ ಕೋಣೆ ಒಂದು ಹಿಟ್ಟಿನ ಗಿರಣಿಯ ಮೇಲಿತ್ತು. ಡ್ರಮ್ಮುಗಳ ಮೇಲೆ ರಾಗಿ ಹಿಟ್ಟಿನ ತೆಳು ಪದರ. ಅವುಗಳ ಹಿಂದೆ ಮೇಘನಾ.

"ಇಲ್ಲೇ ಯಾಕಮ್ಮಾ?"

"ಮಿಲ್ ಸದ್ದಲ್ಲಿ ನಮ್ ಸದ್ದು ಯಾರಿಗೂ ಕೇಳಲ್ಲ ಮಾಮ. ಮುಂಚೆ ಬರೀ ಸ್ಪೀಡಾಗಿ ಬಾರಿಸ್ತಿದ್ವಿ. ಇಲ್ಲಿಗೆ ಬಂದ್ಮೇಲೆ ಬೇರೆ ಥರಾನೇ ಆಗ್ಬಿಟ್ಟಿದೆ, ಕೇಳು."

ಹತ್ತಿ ಕಿವಿಗಿಟ್ಟೆ. ಹಾಡು ಶುರುವಾಯಿತು. ಕನ್ನಡದ ಮಾತುಗಳು, ಭಾರವಾದ ನಿಧಾನ ನಡೆ, ಎರಡು ಪೆಟ್ಟುಗಳ ನಡುವೆ ಧಾರಾಳ ಜಾಗ. ಹತ್ತಿ ತೆಗೆದೆ. ಅದೇ ನಡೆ ಕೆಳಗಿನಿಂದಲೂ ಬರುತ್ತಿತ್ತು: ಗಿರಣಿಯ ಬೆಲ್ಟಿನ ಹೊಲಿಗೆ ಪ್ರತಿ ಸುತ್ತಿಗೂ ಚಕ್ರಕ್ಕೆ ತಾಗಿ ಟಪ್ ಎನ್ನುತ್ತಿತ್ತು. ಸಭೆಯ ಅಭ್ಯಾಸಬಲ, ನನ್ನ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು.

ಅಷ್ಟರಲ್ಲಿ ಕೆಳಗಿನವರು ಊಟಕ್ಕೆಂದು ಗಿರಣಿ ನಿಲ್ಲಿಸಿದರು. ಎರಡೇ ಸಾಲಿಗೆ ಮೇಘನಾ ತಾಳ ಬಿಟ್ಟು ಮುಂದೆ ಓಡಿದಳು.

"ಮಗಾ, ಮತ್ತೆ ಓಡ್ತಿದೀಯ!" ಗಿಟಾರಿನ ಕಿರಣ್ ಕೂಗಿದ.

"ಮಿಲ್ ನಿಲ್ಸಿಬಿಟ್ರಲ್ಲೋ, ನಾನೇನ್ ಮಾಡ್ಲಿ?"

"ಭಾನುವಾರ ಸ್ಟೇಜ್ ಕೆಳಗೆ ಮಿಲ್ ಇರುತ್ತೇನೇ?"

ಮತ್ತೆರಡು ಸಲ ನುಡಿಸಿದರು, ಎರಡು ಸಲವೂ ಓಡಿದಳು. ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅಧ್ಯಕ್ಷರಿಗೆ ಏನು ಹೇಳಲಿ ಎಂಬ ಕಳವಳದಲ್ಲಿ ನನ್ನ ಕೈ ತನ್ನಷ್ಟಕ್ಕೆ ಗಿರಣಿಯ ಹಳೆಯ ಲೆಕ್ಕಕ್ಕೇ ತೊಡೆ ಬಡಿಯುತ್ತಿತ್ತು. ಅವಳು ಅದನ್ನೇ ನೋಡಿದಳು, ಕೋಲು ಎತ್ತಿದಳು. ಈ ಸಲ ಹಾಡು ಕೊನೆಯವರೆಗೂ ಅಳುಕದೆ ನಡೆಯಿತು.

"ಅಂಕಲ್, ಸೂಪರ್!" ಎಂದ ಕಿರಣ್.

"ಮಾಮ, ಭಾನುವಾರ ಮುಂದಿನ ಸಾಲಲ್ಲಿ ನನ್ನೆದುರಿಗೇ ಕೂತ್ಕೋ. ಕೈ ಮಾತ್ರ ನಿಲ್ಲಿಸ್ಬೇಡ."

ಆಯಿತು ಎಂದುಬಿಟ್ಟೆ. ಮೂವತ್ತು ವರ್ಷದಿಂದ ಸಭೆಯಲ್ಲಿ ಪಕ್ಕದವರ ಕೈ ಕದ್ದು ನೋಡಿಯೇ ತಾಳ ಹಾಕಿದವನು ನಾನು. ಅದನ್ನು ಹೇಳಲು ಬಾಯಿ ಬರಲಿಲ್ಲ.

ಕೆಳಗಿಳಿದಾಗ ಗಿರಣಿ ಮತ್ತೆ ಶುರುವಾಗಿತ್ತು. ಬಾಗಿಲಲ್ಲಿ ನಿಂತು ಬೆಲ್ಟಿನ ಟಪ್ಪಿಗೆ ಸರಿಯಾಗಿ ತೊಡೆಯ ಮೇಲೆ ತಾಳ ಹಾಕಿಕೊಂಡೆ.

"ಏನ್ ಹಿಟ್ಟು ಬೇಕಿತ್ತು ಸಾರ್?" ಗಿರಣಿಯವರು ಕೇಳಿದರು.

"ಏನಿಲ್ಲ, ಸುಮ್ನೆ ಕೇಳ್ತಿದೀನಿ."

ಅವರು ಕಾಲು ಗಂಟೆ ನನ್ನನ್ನು ಅನುಮಾನದಿಂದ ನೋಡುತ್ತಲೇ ಇದ್ದರು.

ಮಾರ್ಕೆಟ್ಟಿನಲ್ಲಿ ಒಂದು ರೂಪಾಯಿ ನಾಣ್ಯ ಹಾಕುವ ಫೋನಿನಿಂದ ಅಧ್ಯಕ್ಷರಿಗೆ ಹೇಳಿದೆ: "ಕಾರ್ಯಕ್ರಮ ಇರ್ಲಿ ಸಾರ್. ಮುಂದಿನ ಸಾಲಲ್ಲಿ ನನಗೊಂದು ಕುರ್ಚಿ ಹಾಕ್ಸಿ."

"ಸದ್ದು ಜೋರಾ?"

"ಸದ್ದಿನ ಚಿಂತೆ ಅಲ್ಲ ಸಾರ್ ಈಗ."

ವಾಪಸು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ತಾಳ ಹಾಕುತ್ತಲೇ ಇದ್ದೆ. ಪಕ್ಕದವರು ಸ್ವಲ್ಪ ಸರಿದು ಕೂತರು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ನಿಂತಿತು, ಎಂಜಿನ್ನೂ ನಿಂತಿತು. ಕೈ ನಿಲ್ಲಲಿಲ್ಲ.