ಫೋರ್ಕ್ ಕತ್ತರಿಸುವ ಮುನ್ನ

ವಿಜಯನಗರದ ಸೈಕಲ್ ಅಂಗಡಿಯಲ್ಲಿ ಮೆಕ್ಯಾನಿಕ್ ನನ್ನ ಹೊಸ ಸಸ್ಪೆನ್ಷನ್ ಫೋರ್ಕಿನ, ಅಂದರೆ ಮುಂದಿನ ಚಕ್ರ ಹಿಡಿದು ಕುಲುಕಾಟ ತಡೆಯುವ ಕವಲಿನ, ಕೊಳವೆಯ ಮೇಲೆ ಗರಗಸ ಇಟ್ಟಿದ್ದ. ಅಳತೆಗೆ ಕತ್ತರಿಸಿದ ಮೇಲೆ ಅದನ್ನು ವಾಪಸ್ ಕೊಡುವಂತಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿದ್ದ ನಡುವಯಸ್ಸಿನ ಮಹಿಳೆಯೊಬ್ಬರು ಮುಂದೆ ಬಂದು ಫೋರ್ಕ್ ಹಿಡಿದುಕೊಂಡರು. ಮೆಕ್ಯಾನಿಕ್ ಬೆಚ್ಚಿ ಗರಗಸ ಎತ್ತಿದ.

“ಇದನ್ನ ಹಾಕ್ಕೊಂಡು ಎತ್ತರದಿಂದ ಜಂಪ್ ಮಾಡ್ತೀರಾ?” ಎಂದು ನನ್ನನ್ನು ಕೇಳಿದರು.

ಹೌದೆಂದೆ. ಬಂಡೆಗಳ ಮೇಲಿಂದ ಸೈಕಲ್ ಹಾರಿಸುವುದು ನನ್ನ ಹುಚ್ಚು. ಹಗುರವಾಗಿದೆಯೆಂದೇ ಆ ಫೋರ್ಕ್ ಆರಿಸಿದ್ದೆ.

“ನಮ್ ಯಜಮಾನ್ರು ಹಾಕ್ಸಿದ್ದೂ ಇಂಥದ್ದೇ. ಮಣ್ಣಿನ ದಾರೀಲಿ ಓಡ್ಸೋಕೆ ಸರಿ, ಹಾರೋಕಲ್ಲ. ನೆಲಕ್ಕೆ ಇಳಿದ ಏಟಿಗೆ ಮುರ್ದೋಯ್ತು.”

ಗರಗಸ ಕೆಳಗಿಡುವಂತೆ ಮೆಕ್ಯಾನಿಕ್‌ಗೆ ಹೇಳಿದೆ. ಅವರು ಮುಂದುವರಿಸಿದರು: “ಈಗ ವಾಕರ್ ಬಿಟ್ಟು ಓಡಾಡ್ತಿದಾರೆ. ಮತ್ತೆ ಸೈಕಲ್ ಹತ್ಬೇಕಂತೆ, ಬೇಡ ಅಂದ್ರೆ ಕೇಳಲ್ಲ. ಅದಕ್ಕೇ ಈ ಸಲ ಫೋರ್ಕ್ ನಾನೇ ಆರಿಸ್ತೀನಿ ಅಂತ ಬಂದೆ.”

ಅವರು ಆರಿಸಿದ ದಪ್ಪ ಕಾಲಿನ, ಭಾರದ ಫೋರ್ಕನ್ನೇ ನಾನೂ ಕೊಂಡೆ. ಏರುದಾರಿಯಲ್ಲಿ ಅದು ಏದುಸಿರು ಬಿಡಿಸುತ್ತದೆ. ಮೊದಲ ಸಲ ಬಂಡೆಯಿಂದ ಹಾರಿ ಕ್ಷೇಮವಾಗಿ ಇಳಿದಾಗ, ಅವರ ಯಜಮಾನರೂ ಹೀಗೇ ಇಳಿದಿರಲಿ ಎಂದುಕೊಂಡೆ.